ಕಾದಂಬರಿಗೆ ಹುಟ್ಟಿದ ಕನ್ಯೆ

ನಿವೃತ್ತಿಯ ದಿನ ಶಾಲು ಹೊದೆಸಲಿ, ಹಾರ ಹಾಕಲಿ, ಬೇಡ ಎನ್ನುವುದಿಲ್ಲ. ಆದರೆ ಭಾಷಣ ಮಾಡುವವರು ಸ್ವಲ್ಪ ಬಾಯಿ ಬಿಗಿಹಿಡಿದು ಮಾತಾಡಬೇಕು. ನಮ್ಮ ಮನೆಯವರನ್ನು ಬೀಳ್ಕೊಡುವ ದಿನ ಅವರ ಸಾಹೇಬರು ಎದ್ದು ನಿಂತು, "ಜೋಯಿಡಾದಿಂದ ಮುಂಡಗೋಡದ ತನಕ ಲೈನ್‌ಮನ್ ಚನಬಸಪ್ಪನವರು ಹತ್ತದ ಕಂಬವಿಲ್ಲ. ಇವರ ಅನುಭವ ಬರೆದರೆ ಒಂದು ಕಾದಂಬರಿ ಆದೀತು" ಎಂದುಬಿಟ್ಟರು. ಹಿಂದಿನ ವರ್ಷ ನಿವೃತ್ತನಾದ ಕಾವಲುಗಾರನಿಗೂ ಅವರು ಇದೇ ಮಾತು ಹೇಳಿದ್ದರು. ಆ ಪುಣ್ಯಾತ್ಮ ಮನೆಗೆ ಹೋಗಿ ಕೋಳಿ ಸಾಕಿಕೊಂಡು ಸುಖವಾಗಿದ್ದಾನೆ. ನಮ್ಮವರು ನಂಬಿದರು.

ಮುಂಡಗೋಡದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಖಾನಾವಳಿ ಇದೆ. ಕಂಬ ಹತ್ತುವುದು ನಿಂತಿತಲ್ಲ, ಇನ್ನು ಇವರು ಗಲ್ಲಾದ ಮೇಲೆ ಕುಳಿತರೆ ನಾನು ಒಳಗೆ ನಿಶ್ಚಿಂತೆಯಿಂದ ರೊಟ್ಟಿ ಬಡಿಯಬಹುದು ಎಂದುಕೊಂಡಿದ್ದೆ. ಕುಳಿತರು, ಕುಳಿತದ್ದು ನಿಜ. ಆದರೆ ಗಿರಾಕಿ ಎದುರಿಗೆ ಬಂದು ನಿಂತರೂ ಕಣ್ಣು ಮಾತ್ರ ಸೂರಿನ ಮೇಲೆ.

"ಏನ ಮಾಡಾಕತ್ತೀರಿ?" ಎಂದೆ.

"ಮುಖ್ಯ ಪಾತ್ರ ಕಟ್ಟಾಕತ್ತೇನಿ. ಈಗ ನಡುವ ಮಾತಾಡಬ್ಯಾಡ."

ಮೊಬೈಲಿನಲ್ಲಿ ಯಾರೋ ಒಬ್ಬ ಗಡ್ಡದವನು ಹೇಳಿದ್ದನಂತೆ: ಕಥೆ ಆಮೇಲೆ, ಮೊದಲು ಮುಖ್ಯ ಪಾತ್ರ. ಅದರ ವಯಸ್ಸು, ಎತ್ತರ, ಓದು, ಮನೆತನ, ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ಎಲ್ಲ ಗೊತ್ತಿರಬೇಕು. ಪಾತ್ರ ಪಕ್ವವಾಗುವ ತನಕ ಪೆನ್ನು ಮುಟ್ಟಲೇಬಾರದು. ಪೆನ್ನು ಮುಟ್ಟಬಾರದು ಎಂಬ ಸಲಹೆ ನಮ್ಮವರಿಗೆ ಬಹಳ ಹಿಡಿಸಿತು.

ಹೀಗೆ ಹುಟ್ಟಿದವಳು ದಾನೇಶ್ವರಿ. ಹಳಿಯಾಳದ ಕಡೆಯ ಹುಡುಗಿ. ಇಪ್ಪತ್ತಾರು ವರ್ಷ. ಅಪ್ಪನಿಗೆ ಒಬ್ಬಳೇ ಮಗಳು. ಬಿ.ಎಸ್ಸಿ. ಅಗ್ರಿ ಓದಿದ್ದಾಳೆ. ನೌಕರಿಯವನು ಬೇಡ, ಶಹರದವನು ಬೇಡ, ಮದುವೆಯಾದರೆ ಒಕ್ಕಲುತನ ಮಾಡುವವನನ್ನೇ ಆಗುತ್ತೇನೆ ಎಂದು ಹಟ ಹಿಡಿದಿದ್ದಾಳೆ.

"ಇಂಥಾ ಹುಡುಗಿ ಎಲ್ಲದಾಳ್ರಿ? ಯಾರ ನಂಬ್ತಾರ?" ಎಂದೆ ನಾನು.

"ಇಲ್ಲ ಅಂತನ ಕಾದಂಬರಿ ಬರಿಯೂದು. ಇದ್ದಿದ್ರ ಲಗ್ನಪತ್ರಿಕಿ ಬರಿತಿದ್ದೆ" ಎಂದರು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆ ಗಡ್ಡದವನು ಇನ್ನೊಂದು ಹೇಳಿದ್ದ: ಪಾತ್ರದ ಬಗ್ಗೆ ನಾಲ್ಕು ಜನರ ಅಭಿಪ್ರಾಯ ಕೇಳಿ. ಇವರು ಊಟಕ್ಕೆ ಬಂದವರನ್ನು ಹಿಡಿದರು. ಊರಾಚೆಯ ಟಿಬೆಟಿಯನ್ ಕ್ಯಾಂಪಿನಿಂದ ಅನ್ನ ಸಾರು ಉಣ್ಣಲು ಬರುವ ಲಾಮಾಗಳು ನಕ್ಕು, ತಲೆಯಾಡಿಸಿ, ಉಂಡು ಹೋದರು. ಸನ್ಯಾಸಿಗಳಿಗೆ ಆ ಹುಡುಗಿಯಿಂದ ಏನಾಗಬೇಕು? ನಾಲ್ಕನೆಯವನಾಗಿ ಸಿಕ್ಕವನು ಚಿಗಳ್ಳಿಯ ಈಶಪ್ಪ.

ಈಶಪ್ಪನ ವಿಷಯ ಹೇಳಿಬಿಡುತ್ತೇನೆ. ಭತ್ತ, ಗೋವಿನಜೋಳ ಬೆಳೆಯುವ ಒಳ್ಳೆಯ ಮನೆ. ಒಬ್ಬನೇ ಮಗ ವೀರೇಶ. ಕುಡಿಯುವುದಿಲ್ಲ, ಜೂಜಾಡುವುದಿಲ್ಲ, ಟ್ರ್ಯಾಕ್ಟರ್ ಮಲಗಿದರೆ ತಾನೇ ಬಿಚ್ಚಿ ಕಟ್ಟುತ್ತಾನೆ. ವಯಸ್ಸು ಮೂವತ್ತೈದಾದರೂ ಮದುವೆಯಾಗಿಲ್ಲ. ಮಗ ಹೊಲ ಮಾಡುತ್ತಾನೆ ಎಂದೊಡನೆ ಕನ್ಯೆಯ ಕಡೆಯವರು ಚಹಾ ಕೂಡ ಕಾಸದೆ ಕಳಿಸುತ್ತಾರೆ. ಅವನ ತಾಯಿ ಈರಕ್ಕ ನೋಡದ ಊರಿಲ್ಲ, ಕಟ್ಟದ ಹರಕೆಯಿಲ್ಲ.

ಅಂಥ ಈಶಪ್ಪ ಅಂದು ಝುಣಕಕ್ಕೆ ರೊಟ್ಟಿ ಅದ್ದುತ್ತಿದ್ದ. ಇವರು ಎದುರಿಗೆ ಕುಳಿತು, ದನಿ ತಗ್ಗಿಸಿ ಕೇಳಿದರು: "ಈಶಪ್ಪಾ, ಹಿಂಗೊಂದು ಹುಡುಗಿ ಐತಿ ಅನ್ಕೋ. ಹಳಿಯಾಳದ ಕಡೆದಾಕಿ. ಬಿ.ಎಸ್ಸಿ. ಅಗ್ರಿ. ಒಕ್ಕಲಿಗನ್ನ ಮಾಡ್ಕೋತೇನಿ ಅಂತಾಳ. ನಿನಗೇನ ಅನಸ್ತತಿ?"

ಈಶಪ್ಪನ ಕೈಯಲ್ಲಿದ್ದ ರೊಟ್ಟಿ ಝುಣಕದಲ್ಲೇ ನಿಂತಿತು.

ಇದರಲ್ಲಿ ಅವನ ತಪ್ಪು ಏನೂ ಇಲ್ಲ. ನಮ್ಮ ಕಡೆ ಕನ್ಯೆಯ ಮಾತನ್ನು ಯಾರೂ ನೇರವಾಗಿ ಎತ್ತುವುದಿಲ್ಲ. "ನಮ್ಮಲ್ಲೊಂದು ಹುಡುಗಿ ಇದೆ, ಮಾಡಿಕೊಳ್ಳಿ" ಎಂದು ಹೇಳಿ, ಆಮೇಲೆ ಅವರು ಒಲ್ಲೆ ಎಂದರೆ ಮರ್ಯಾದೆ ಎಲ್ಲಿ ಉಳಿಯಿತು? ಅದಕ್ಕೇ "ಹಿಂಗೊಂದು ಹುಡುಗಿ ಐತಿ ಅನ್ಕೋ" ಎಂದು ಶುರು ಮಾಡುತ್ತಾರೆ. ಕೂಡಿ ಬಂದರೆ ಆ ಹುಡುಗಿ ಇದ್ದಾಳೆ, ಬರದಿದ್ದರೆ ಅವಳು ಇರಲೇ ಇಲ್ಲ. ಚಿಗಳ್ಳಿಯ ಅರ್ಧ ಸಂಸಾರಗಳು ಹೀಗೇ ಶುರುವಾದವು. ನನ್ನದೂ ಹೀಗೇ ಶುರುವಾದದ್ದು. ಇವರಿಗೆ ಇದೆಲ್ಲ ಗೊತ್ತಿಲ್ಲವೆ? ಗೊತ್ತು. ಪಾತ್ರ ಕಟ್ಟುವ ಭರದಲ್ಲಿ ಮರೆತಿದ್ದರು.

ಈಶಪ್ಪ ನೀರು ಕುಡಿದು, ಸುತ್ತ ನೋಡಿ, ಪಿಸುಗುಟ್ಟಿದ: "ಬೆಡಗ ಯಾವುದ್ರಿ ಅವರದು?"

ಬೆಡಗು ಎಂದರೆ ಮನೆತನದ ಬಳಿ, ಗೋತ್ರವಿದ್ದಂತೆ; ಎರಡೂ ಕಡೆ ಒಂದೇ ಆದರೆ ನಮ್ಮಲ್ಲಿ ಸಂಬಂಧದ ಮಾತು ಮುಂದೆ ಹೋಗುವುದೇ ಇಲ್ಲ. ಓದುಗನೊಬ್ಬ ಇಷ್ಟು ಆಳಕ್ಕೆ ಇಳಿದನಲ್ಲ ಎಂದು ನಮ್ಮವರು ಹಿಗ್ಗಿದರು. "ಬೆಡಗ ಇನ್ನೂ ಇಟ್ಟಿಲ್ಲ. ನಿಮ್ಮದು ಯಾವುದು ಹೇಳು, ಅದನ್ನ ಬಿಟ್ಟು ಬ್ಯಾರೆ ಇಡ್ತೇನಿ."

ಇಷ್ಟು ಅನುಕೂಲವಾದ ಬೀಗರನ್ನು ಈಶಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಉಳಿದ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಬಸ್ಸಿಗೆ ಓಡಿದ.

ಮರುದಿನವೇ ಅವನು ಈರಕ್ಕನನ್ನು ಕರೆದುಕೊಂಡು ಬಂದ. ಕೈಯಲ್ಲಿ ಹೊಸ ಅಕ್ಕಿಯ ಚೀಲ, ಗಡಿಗೆಯಲ್ಲಿ ಬೆಣ್ಣೆ, ಡಬ್ಬಿಯಲ್ಲಿ ಕರ್ಚಿಕಾಯಿ. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಪಗಾರ ಇದ್ದಾಗ ಕಾಣದ ಬೆಣ್ಣೆ ಈಗ ಯಾಕೆ ಬಂತು ಎಂದು ಕಿವಿ ಅತ್ತ ಇಟ್ಟೆ.

"ಹುಡುಗಿ ಬಣ್ಣ ಹೆಂಗರಿ ಅಣ್ಣಾರ?" ಎಂದಳು ಈರಕ್ಕ.

"ನೀವು ಹೆಂಗ ಅಂತೀರಿ ಹಂಗ ಮಾಡೂಣು."

"ದೇವರು ಮಾಡಿದ್ದ ಆತು ಬಿಡ್ರಿ. ಇನ್ನೂ ಯಾರ‍್ಯಾರು ನೋಡ್ಯಾರ?"

"ಯಾರಿಗೂ ಪೂರಾ ಹೇಳಿಲ್ಲ. ನೀವ ಮೊದಲು. ಆದ್ರ ಹುಬ್ಬಳ್ಳಿಯೊಳಗ ಒಬ್ಬ ಇಂಜಿನಿಯರ್ ಅದಾನ. ಅವ ಆಕಿ ಬೆನ್ನ ಹತ್ಯಾನ. ಖಳನಾಯಕ."

ಈರಕ್ಕನ ಮುಖ ಕೆಂಪಾಯಿತು. "ಹುಬ್ಬಳ್ಳಿಯವರಿಗೆ ಹುಬ್ಬಳ್ಳಿಯೊಳಗ ಕನ್ಯಾ ಇಲ್ಲೇನ್ರಿ? ನಮ್ಮ ಕಡೆ ಒಂದ ಹುಡುಗಿ ಒಕ್ಕಲಿಗನ್ನ ಕೇಳಿದ್ರ ಅದರ ಮ್ಯಾಲೂ ಅವರ ಕಣ್ಣ! ಅವಂಗ ಒಲ್ಲೆ ಅಂತ ಹೇಳಿಬಿಡ್ರಿ."

"ಹಂಗ ಹೇಳಾಕ ಬರೂದಿಲ್ರಿ. ಅವ ಇಲ್ಲಂದ್ರ ಕಥಿ ನಡಿಯೂದ ಇಲ್ಲ. ಆಮ್ಯಾಲ ಹುಡುಗನ ತಾಯಿನೂ ಸ್ವಲ್ಪ ಕೆಟ್ಟಾಕಿ ಇರಬೇಕು. ಬಾಯಿ ಜೋರ, ಸೊಸಿಗೆ ಕಾಡೂ ಅತ್ತಿ. ಅದನ್ನ ಮಾತ್ರ ಪಕ್ಕಾ ಮಾಡೇನಿ."

ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಈರಕ್ಕ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಎದ್ದು ನಿಂತಿದ್ದಳು. "ಯಾರ ಹೇಳಿದ್ರು ನಿಮಗ? ಬಾಜೂಮನಿ ಗಿರಿಜಾಬಾಯಿ ಹೇಳಿದ್ಲು ಹೌದಲ್ಲೋ? ಆಕಿ ಕೋಳಿ ನಮ್ಮ ಹಿತ್ತಲಕ್ಕ ಬಂದ್ರ ನಾ ಸುಮ್ಮನಿರಬೇಕೇನು? ಅಷ್ಟಕ್ಕ ನಾ ಕೆಟ್ಟಾಕಿ ಆದ್ನೇನು?"

"ಈರಕ್ಕಾ, ಕೂಡ್ರವ್ವಾ, ಇದು ಕಥಿ. ಇವರು ಕಾದಂಬರಿ ಬರಿಯಾಕತ್ತಾರ. ಹುಡುಗಿ ಖರೇನ ಇಲ್ಲ" ಎಂದೆ ನಾನು.

ಈಶಪ್ಪ ಹೆಂಡತಿಯ ಕಡೆ ನೋಡಿ ಕಣ್ಣು ಮಿಟುಕಿಸಿದ. "ಗೊತ್ತಾತು ಬಿಡ್ರಿ ಸುವರ್ಣಕ್ಕಾರ. ಕಥಿ ಅಂತನ ಇರಲಿ. ಕೂಡಿ ಬರೂತನಾ ಕಥಿ ಅನ್ನೂದ ಚಲೋ."

ಇಲ್ಲ ಎಂದಷ್ಟೂ ಇದೆ ಎಂದಂತಾಗುತ್ತಿತ್ತು. ಇಂಥ ಪರಿಸ್ಥಿತಿಯಲ್ಲಿ ಬಾಯಿದ್ದವರು ಏನು ಮಾಡಬೇಕು, ನೀವೇ ಹೇಳಿ.

ಸಂತೆಯ ದಿನ ಖಾನಾವಳಿಯ ಮುಂದೆ ಟ್ರ್ಯಾಕ್ಟರ್ ನಿಂತಿತು. ಟ್ರೇಲರಿನಿಂದ ಚಿಗಳ್ಳಿಯ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಊಟಕ್ಕೆ ಬಂದಿರಬೇಕೆಂದು ನಾನು ತಟ್ಟೆ ಎಣಿಸುತ್ತಿದ್ದರೆ, ಅವರು ಗಲ್ಲಾದ ಮುಂದೆ ಸಾಲಾಗಿ ನಿಂತು ಸಾಕ್ಷಿ ನುಡಿಯತೊಡಗಿದರು. ತನ್ನ ಹೆರಿಗೆಯಲ್ಲಿ ಈರಕ್ಕ ಕೈ ಹಿಡಿದದ್ದನ್ನು ಒಬ್ಬಳು ಹೇಳಿದಳು. ತನ್ನ ಆಕಳು ಕಳೆದಾಗ ಈರಕ್ಕ ಕಾಡಿಗೆ ಹೋಗಿ ಹುಡುಕಿ ತಂದದ್ದನ್ನು ಇನ್ನೊಬ್ಬಳು ಹೇಳಿದಳು. ಕೊನೆಗೆ ಮುಂದೆ ಬಂದವಳು ಸ್ವತಃ ಗಿರಿಜಾಬಾಯಿ.

"ನಮ್ಮ ಈರಕ್ಕ ಅಂದ್ರ ಆಕಳ ಇದ್ದಂಗ್ರಿ. ಬಾಯಾಗ ಬೆರಳಿಟ್ರ ಕಡಿಯೂದಿಲ್ಲ."

"ಯಾವಾಗಿಂದ್ರಿ?" ಎಂದು ನಮ್ಮವರು ಕುತೂಹಲದಿಂದ ಕೇಳಿದರು.

"ಮೊನ್ನಿಯಿಂದ" ಎಂದಳು ಗಿರಿಜಾಬಾಯಿ. ಬೆನ್ನಿಗೆ ಈರಕ್ಕನ ಚಿವುಟು ಬಿದ್ದ ಮೇಲೆ, "ಸಣ್ಣಾಕಿ ಇದ್ದಾಗಿಂದನೂ ಹಂಗ" ಎಂದು ಸೇರಿಸಿದಳು.

ಇವರು ಕಣ್ಣಲ್ಲಿ ನೀರು ತಂದುಕೊಂಡು ಎಲ್ಲರಿಗೂ ಕೈ ಮುಗಿದರು. ಒಂದು ಪಾತ್ರಕ್ಕಾಗಿ ಒಂದು ಊರೇ ಟ್ರ್ಯಾಕ್ಟರ್ ಹತ್ತಿ ಬಂದಿದೆ! ಕೂಡಲೇ ಅತ್ತೆಯನ್ನು ಒಳ್ಳೆಯವಳನ್ನಾಗಿ ಮಾಡುತ್ತೇನೆ ಎಂದು ಮಾತು ಕೊಟ್ಟರು. ಆಮೇಲೆ ಒಳಗೆ ಬಂದು ನನ್ನ ಮೇಲೆ ಸಿಟ್ಟಾದರು: "ಎಲ್ಲಾರೂ ಒಳ್ಳೇವರ ಆದ್ರ ಕಾದಂಬರಿ ಹೆಂಗ ಬರೀಲಿ?" ಅವರೆಲ್ಲ ಉಂಡು ಹೋಗಿದ್ದ ತಟ್ಟೆಗಳ ಗುಡ್ಡ ತೋರಿಸಿ, ಮೊದಲು ಇದನ್ನು ಮುಗಿಸಿ, ಆಮೇಲೆ ಹೇಳುತ್ತೇನೆ ಎಂದೆ.

ಸುದ್ದಿ ಹಾಲಿನ ಡೇರಿಗೆ ಹೋಯಿತು, ಡೇರಿಯಿಂದ ಗಿರಣಿಗೆ ಹೋಯಿತು. ಮುಂಡಗೋಡದ ಖಾನಾವಳಿಯವರ ಹತ್ತಿರ ಒಂದು ಹುಡುಗಿ ಇದೆ, ಚಿಗಳ್ಳಿಯವರಿಗೂ ಹುಬ್ಬಳ್ಳಿಯ ಇಂಜಿನಿಯರಿಗೂ ಜಗ್ಗಾಟ ನಡೆದಿದೆ ಎಂದು ಜನ ಮಾತಾಡತೊಡಗಿದರು. ಗಿರಣಿ ದಾಟುವಷ್ಟರಲ್ಲಿ, ಹುಡುಗಿಯನ್ನು ಒಳಗೆ ಕೂಡಿಹಾಕಿ ಇಬ್ಬರಿಗೂ ಆಸೆ ಹಚ್ಚಿದ್ದಾರೆ ಎಂದಾಗಿತ್ತು. ಒಂದು ಮಧ್ಯಾಹ್ನ ಹವಾಲ್ದಾರ ಭೀಮಸಿಂಗ್ ಬಂದು ಲಾಠಿಯನ್ನು ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿಟ್ಟ.

"ಹುಡುಗಿ ಎಲ್ಲದಾಳ್ರಿ?"

"ತಲಿಯೊಳಗ" ಎಂದರು ನಮ್ಮವರು.

"ಯಾರ ತಲಿಯೊಳಗ?"

"ನನ್ನ."

ಭೀಮಸಿಂಗ್ ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದ: "ಯಾವಾಗಿಂದ್ರಿ ಅಕ್ಕಾರ, ಇವರಿಗೆ ಹಿಂಗ?"

"ರಿಟೈರ್ ಆದಾಗಿಂದ" ಎಂದೆ. ನಾನು ಸುಳ್ಳು ಹೇಳುವವಳಲ್ಲ.

ಅವನು ಮತ್ತೆ ಇವರ ಕಡೆ ತಿರುಗಿದ. "ಆಕಿ ವಯಸ್ಸ ಎಷ್ಟು?"

"ಇಪ್ಪತ್ತಾರು. ಆದ್ರ ಇಪ್ಪತ್ನಾಲ್ಕ ಮಾಡಬೇಕಂತ ಮಾಡೇನಿ."

"ವಯಸ್ಸ ತಿದ್ದಾಕತ್ತೀರಿ? ಅದಕ್ಕ ಬ್ಯಾರೆ ಕೇಸ ಆಗತೈತಿ. ತಾಯಿ?"

"ತಾಯಿ ಇದ್ಲು. ಮಂದಿ ಭಾಳ ಆದ್ರು ಅಂತ ಮೊನ್ನೆ ಸಾಯಿಸಿಬಿಟ್ಟೆ."

ಭೀಮಸಿಂಗ್ ಲಾಠಿಗೆ ಕೈ ಹಾಕುವುದಕ್ಕೂ ನಾನು ಬಿಸಿ ರೊಟ್ಟಿ, ಎಣಗಾಯಿ ಪಲ್ಯ ತಂದು ಅವನ ಮುಂದೆ ಇಡುವುದಕ್ಕೂ ಸರಿಹೋಯಿತು. ಬಾಯಿ ತುಂಬಿದ ಪೊಲೀಸನಿಗೆ ಯಾವ ವಿಷಯವನ್ನೂ ತಿಳಿಸಿ ಹೇಳಬಹುದು. ಬೀಳ್ಕೊಡುಗೆಯ ಭಾಷಣದಿಂದ ಹಿಡಿದು ಟ್ರ್ಯಾಕ್ಟರಿನ ತನಕ ಹೇಳಿದೆ. ಒಳಕೋಣೆ ತೋರಿಸಿದೆ. ಅಲ್ಲಿ ಜೋಳದ ಚೀಲ, ಒಂದು ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ. ಅವನು ಶಾಂತವಾಗಿ ಉಂಡು, ಕೈ ತೊಳೆದು, ಬಾಗಿಲ ತನಕ ಹೋದವನು ಮತ್ತೆ ಇವರ ಹತ್ತಿರ ಬಂದು ಬಗ್ಗಿದ.

"ಕಾಕಾರ, ನನ್ನ ತಮ್ಮ ಕುಬೇರ ಅದಾನ್ರಿ. ಹೊಲ ಮಾಡ್ತಾನ. ನಮ್ಮವ್ವ ಜಮುನಾಬಾಯಿ ದಿನಾ ಅಳತಾಳ. ನಮ್ಮ ಮಂದ್ಯಾಗೂ ಇಂಥಾದ ಒಂದ ಹುಡುಗಿ ನೋಡಿ... ಅಂದ್ರ, ಬರೀರಿ."

ಅಂದಿಗೆ ನನ್ನ ಸಹನೆ ಮುಗಿಯಿತು. ಹುಡುಗಿ ಇಲ್ಲ ಎಂಬುದನ್ನು ಪೊಲೀಸನೇ ನಂಬದ ಮೇಲೆ ಈರಕ್ಕ ಹೇಗೆ ನಂಬಿಯಾಳು? ಆಸೆ ಇನ್ನೂ ಬೆಳೆದ ಮೇಲೆ ಮುರಿಯುವುದಕ್ಕಿಂತ ಈಗಲೇ ಮುರಿಯಲಿ ಎಂದು ಚಿಗಳ್ಳಿಯ ಬಸ್ಸು ಹತ್ತಿದೆ.

ಈರಕ್ಕ ಮನೆಗೆ ಸುಣ್ಣ ಹಚ್ಚಿಸುತ್ತಿದ್ದಳು. ನನ್ನನ್ನು ಕಂಡು ಕುಂಚ ಕೆಳಗಿಟ್ಟು ಓಡಿ ಬಂದಳು. ನಾನು ಕೂರಲೂ ಇಲ್ಲ. "ಈರಕ್ಕಾ, ನನ್ನ ಮಾತ ಕೇಳವ್ವಾ. ಆ ಹುಡುಗಿ ಇಲ್ಲ."

"ಇಲ್ಲಂದ್ರ? ಆ ಇಂಜಿನಿಯರ್‌ಗ ಕೊಟ್ರೇನು?"

"ಇಲ್ಲ. ಆಕಿ ಹುಟ್ಟೇ ಇಲ್ಲ."

ಈರಕ್ಕ ಕಟ್ಟೆಯ ಮೇಲೆ ಕುಳಿತಳು. ಸುಣ್ಣದ ಕೈಗಳನ್ನು ನೋಡಿಕೊಂಡಳು. "ನನ್ನ ಮಗನ್ನ ಒಲ್ಲೆ ಅನ್ನಾಕ ಮಂದಿ ಏನೇನೋ ಹೇಳ್ಯಾರ ಸುವರ್ಣಕ್ಕಾ. ಹುಡುಗಿ ಇನ್ನೂ ಓದತಾಳ ಅಂದ್ರು. ಕುಂಡಲಿ ಕೂಡೂದಿಲ್ಲ ಅಂದ್ರು. ಮನಿ ಮುಂದ ಡಾಂಬರ ಇಲ್ಲ ಅಂದ್ರು. ಹುಡುಗಿ ಹುಟ್ಟೇ ಇಲ್ಲ ಅಂದಾಕಿ ನೀ ಒಬ್ಬಾಕಿ."

ಅವಳ ಮುಖ ನೋಡಲಾರದೆ ಆಚೆ ನೋಡಿದೆ. ಹಿತ್ತಲಲ್ಲಿ ಬಚ್ಚಲು ಕಾಣಿಸಿತು. ನಾಲ್ಕು ಫರಸಿಕಲ್ಲು, ಬಾಗಿಲಿನ ಜಾಗದಲ್ಲಿ ಒಂದು ಗೊಬ್ಬರದ ಚೀಲ. ಮನೆಯಲ್ಲಿ ಟ್ರ್ಯಾಕ್ಟರಿಗೆ ಶೆಡ್ಡು ಇದೆ, ಎತ್ತುಗಳಿಗೆ ಫ್ಯಾನು ಇದೆ, ಹೆಂಗಸರ ಬಚ್ಚಲಿಗೆ ಚೀಲ! ನನಗೆ ಎಲ್ಲಿತ್ತೋ ಸಿಟ್ಟು.

"ಅಲ್ಲಬೇ, ಬಣ್ಣ ಕೇಳಿದ್ರಿ, ಬೆಡಗ ಕೇಳಿದ್ರಿ. ಬರೂ ಹುಡುಗಿ ಎಲ್ಲಿ ಮೈ ತೊಳಕೊಬೇಕು ಅಂತ ಒಬ್ಬರರ ಕೇಳೀರೇನು? ಹುಟ್ಟಿದ್ರೂ ಯಾವಾಕಿ ಬರ್ತಾಳ ಈ ಚೀಲದ ಹಿಂದ?"

ಈರಕ್ಕ ತಟ್ಟನೆ ತಲೆ ಎತ್ತಿದಳು. "ಆಕಿ ಹಂಗಂದ್ಲೇನು?"

ಟ್ರ್ಯಾಕ್ಟರಿನ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ ವೀರೇಶ ಕೈಯಲ್ಲಿ ಪಾನಾ ಹಿಡಿದುಕೊಂಡೇ ಹೊರಗೆ ತೆವಳಿ ಬಂದ. ಆ ಹುಡುಗ ಮಾತಾಡಿದ್ದನ್ನು ನಾನು ಕೇಳಿದ್ದೇ ಅಪರೂಪ. "ಮತ್ತೇನಂದ್ಲು ಕಾಕೂ?" ಎಂದ.

ಇನ್ನು ಸತ್ಯ ಹೇಳಿ ಪ್ರಯೋಜನವಿಲ್ಲ ಎಂದು ನನಗೆ ತಿಳಿಯಿತು. ಬಂದ ದಾರಿಗೆ ಸುಂಕವಾದರೂ ಇರಲಿ ಎಂದು ಹೇಳಿಯೇಬಿಟ್ಟೆ. ಬಚ್ಚಲಿಗೆ ಒಳಚಿಲಕದ ಬಾಗಿಲು ಬೇಕಂತೆ. ಗಂಡಸರು ಉಂಡ ತಟ್ಟೆಯನ್ನು ಗಂಡಸರೇ ಎತ್ತಬೇಕಂತೆ. ಆಕೆಯನ್ನು ಕೇಳದೆ ಆಕೆಯ ಮೊಬೈಲು ಯಾರೂ ಮುಟ್ಟಬಾರದಂತೆ. ತವರಿಗೆ ಹೋಗಬೇಕೆಂದರೆ ಹಬ್ಬದ ದಾರಿ ಕಾಯಿಸಬಾರದಂತೆ. ದಾನೇಶ್ವರಿ ಇಷ್ಟು ಮಾತುಗಾತಿ ಎಂದು ನನಗೂ ಗೊತ್ತಿರಲಿಲ್ಲ.

ವೀರೇಶ ಎಲ್ಲ ಕೇಳಿಸಿಕೊಂಡ. "ಇದರಾಗ ಆಗಲಾರದ್ದ ಏನೈತಿ?" ಎಂದ. ಪಾನಾ ಇಟ್ಟು ಅಳತೆ ಟೇಪು ಹುಡುಕಿಕೊಂಡು ಬಚ್ಚಲಿನ ಕಡೆ ಹೋದ.

ಬಾಗಿಲು ಬಂತು. ಬಾಗಿಲಿನ ಜೊತೆಗೆ ಸುದ್ದಿಯೂ ಬೆಳೆಯಿತು. ಬಿ.ಎಸ್ಸಿ. ಓದಿದ ಹುಡುಗಿ ಚಿಗಳ್ಳಿಯ ವೀರೇಶನನ್ನೇ ಬೇಕೆಂದು ಕುಳಿತಿದ್ದಾಳೆ, ಹುಬ್ಬಳ್ಳಿಯ ಇಂಜಿನಿಯರನ್ನೂ ಒಲ್ಲೆ ಎಂದಿದ್ದಾಳೆ, ಚಿಗಳ್ಳಿಯವರು ಆಕೆ ಕೇಳಿದ ಹಾಗೆ ಬಚ್ಚಲು ಕೂಡ ಕಟ್ಟಿಸಿದ್ದಾರೆ ಎಂದು ಹಳಿಯಾಳದ ತನಕ ಮಾತಾಯಿತು. ಲೋಕದ ರೀತಿಯೇ ಹಾಗೆ. ಯಾರೂ ಕೈ ಹಚ್ಚದ ಬದನೆಕಾಯಿಯನ್ನು ಒಬ್ಬಳು ಆರಿಸಿ ನೋಡುತ್ತಿದ್ದರೆ ಸಾಕು, ಸಂತೆಯ ಹೆಂಗಸರೆಲ್ಲ ಅಲ್ಲೇ ಮುಗಿಬೀಳುತ್ತಾರೆ. ಹಿಂದೆ ಇದೇ ವೀರೇಶನಿಗೆ ಚಹಾ ಕೊಡದೆ ಕಳಿಸಿದ್ದ ಹಳಿಯಾಳದ ಒಂದು ಮನೆಯವರು ತಾವಾಗಿಯೇ ಜೀಪು ಮಾಡಿಕೊಂಡು ಬಂದರು. ಹುಡುಗಿಯ ಹೆಸರು ಲಕ್ಷ್ಮೀದೇವಿ. ಹೊಲಿಗೆ ಕಲಿತವಳು. ಬಂದವಳೇ ನೆಟ್ಟಗೆ ಹಿತ್ತಲಿಗೆ ಹೋಗಿ, ಬಚ್ಚಲ ಬಾಗಿಲು ತೆಗೆದು ಹಾಕಿ ನೋಡಿ, ಆಗಬಹುದು ಎಂದಳಂತೆ. ಅಲ್ಲೇ ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡಿಕೊಂಡರು.

ಇದೆಲ್ಲ ನಮಗೆ ತಿಳಿದದ್ದು ಈಶಪ್ಪ, ಈರಕ್ಕ ಇಬ್ಬರೂ ಬಂದು ಖಾನಾವಳಿಯಲ್ಲಿ ಕುಳಿತ ಮೇಲೆ. ಕೇಳಿ ನನಗೆ ಹೊಟ್ಟೆ ತಂಪಾಯಿತು. ಆ ತಾಯಿಯ ಮುಖದಲ್ಲಿ ಅಂಥ ಕಳೆ ನಾನು ಎಂದೂ ನೋಡಿರಲಿಲ್ಲ. ಬಾಯಿ ಸಿಹಿ ಮಾಡಿ ಎಂದು ಶಿರಾ ತಂದಿಟ್ಟೆ. ಆದರೆ ಅವರಿಬ್ಬರೂ ಮುಟ್ಟಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಈಶಪ್ಪ ಗಂಟಲು ಸರಿಪಡಿಸಿಕೊಂಡ. "ಚನಬಸಣ್ಣಾ, ನಿಮ್ಮ ಕಡೆ ಹುಡುಗೀದು... ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ನಮ್ಮಲ್ಲಿ ಬ್ಯಾರೆ ಕಡೆ ಕೂಡಿ ಬಂತು. ಆಕಿಗೆ ಇನ್ನೂ ಚಲೋ ಮನಿ ಸಿಗತೈತಿ."

ಒಂದು ಕ್ಷಣ ಇವರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗಲ್ಲಾ ಬಿಟ್ಟು ಎದ್ದರು. ಕಂಬದ ಮೇಲೆ ತಂತಿ ತಾಗಿದಾಗಲೂ ಇವರ ಮೈ ಹಾಗೆ ನಡುಗಿರಲಿಲ್ಲ.

"ಒಲ್ಲೆ ಅಂತೀರೇನು? ನಮ್ಮ ದಾನೇಶ್ವರಿನ್ನ ಒಲ್ಲೆ ಅಂತೀರಿ? ಏನ ಕಡಿಮಿ ಆಗಿತ್ತು ಆಕಿಗೆ?"

"ಕಡಿಮಿ ಅಂತಲ್ರಿ ಅಣ್ಣಾರ" ಎಂದಳು ಈರಕ್ಕ, ಸೆರಗು ಎಳೆದುಕೊಳ್ಳುತ್ತ. "ಭಾಳ ಓದ್ಯಾಳ. ಮಾತು ಸ್ವಲ್ಪ ಜಾಸ್ತಿ. ಆಮ್ಯಾಲ ನೋಡ್ರಿ, ಎಲ್ಲಾರ ಬಾಯಾಗೂ ಆಕಿ ಹೆಸರ, ಆದ್ರ ಯಾರೂ ಕಣ್ಣಿಲೆ ನೋಡಿಲ್ಲ. ಎಲ್ಲಿರ‍್ತಾಳ, ಏನ ಮಾಡ್ತಾಳ ಗೊತ್ತಿಲ್ಲ. ಅಂಥಾ ಹುಡುಗೀನ್ನ ಹೆಂಗ..."

"ಅಂಥಾ ಹುಡುಗಿ ಅಂದ್ರ?"

ಕೇಳಿದವರು ಯಾರು ಎಂದು ನೋಡಿದರೆ ನಾನೇ. ಶಿರಾದ ತಟ್ಟೆಗಳನ್ನು ಅವರ ಮುಂದಿನಿಂದ ಎತ್ತಿಕೊಂಡೂ ಆಗಿತ್ತು.

"ಅಂಥಾ ಹುಡುಗಿ ಅಂದ್ರ ಹೆಂಥಾ ಹುಡುಗಿ ಈರಕ್ಕಾ? ಹೇಳು ಬಿಡಿಸಿ. ಆಕಿ ನಮ್ಮ ಮನಿ ಬಿಟ್ಟು ಹೊರಗ ಹೆಜ್ಜಿ ಇಟ್ಟಾಕಿ ಅಲ್ಲ. ಆಕಿ ಹೇಳಿದ ಬಾಗಲಾ ಹಚ್ಚಿಸಿಕೊಂಡು, ಆ ಬಾಗಲದಾಗ ಬ್ಯಾರೆ ಸೊಸೀನ್ನ ಕರಕೊಂಡು, ಈಗ ಆಕಿಗೆ ಹೆಸರ ಇಡಾಕ ಬಂದೀರೇನು?"

ಅವರು ಹೇಗೆ ಎದ್ದರೋ, ಯಾವ ಬಸ್ಸು ಹತ್ತಿದರೋ ನಾನು ನೋಡಲಿಲ್ಲ. ನಮ್ಮವರು ಗೋಡೆಗೆ ಒರಗಿ, ಮಗಳ ಸಂಬಂಧ ಮುರಿದ ತಂದೆಯಂತೆ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಪಕ್ಕದ ಕಿರಾಣಿ ಅಂಗಡಿಗೆ ಹೋಗಿ ಒಂದು ಪೆನ್ನು ತಂದು ಅವರ ಕೈಯಲ್ಲಿಟ್ಟೆ.

"ಏಳ್ರಿ. ಇನ್ನ ಪಾತ್ರ ಕಟ್ಟಿದ್ದ ಸಾಕು, ಬರಿಯಾಕ ಹತ್ತರಿ. ಆ ಹುಬ್ಬಳ್ಳಿ ಇಂಜಿನಿಯರ್ ಖಳನಾಯಕ ಅಲ್ಲ, ಇವತ್ತಿಂದ ಅವನೇ ನಾಯಕ. ನೌಕರಿ ಬಿಡಿಸಿ ಹೊಲಾ ಮಾಡಸ್ರಿ. ಲಗ್ನ ಹೆಂಗ ಆಗಬೇಕಂದ್ರ, ಬಾಜಾ ಬಾರಿಸಿದ್ದು ಚಿಗಳ್ಳಿತನಾ ಕೇಳಬೇಕು. ಹೋಳಿಗಿ ಊಟ ಇಡ್ರಿ. ಊರ ಮಂದಿನ್ನೆಲ್ಲಾ ಕರೀರಿ. ಈರಕ್ಕನ ಮನಿಯವರನ್ನ ಮಾತ್ರ ಕರದ್ರಿ ಅಂದ್ರ ನೋಡ್ರಿ!"